ಸತ್ತ ಇರುವೆ, ಬದುಕಿದ ಇರುವೆ

ರೇಡಿಯೋದ ಬೆನ್ನ ಹಲಗೆ ಬಿಚ್ಚಿದ್ದೇ ತಡ, ಒಳಗಿದ್ದ ಕೆಂಪಿರುವೆಗಳೆಲ್ಲ ಮಚ್ಚೇಂದ್ರ ವಕೀಲರ ಮುಂಗೈ ಹತ್ತಿದವು.

ವಕೀಲರು ಕೈ ಕೊಡವಿದರು, ಕೋಟಿನ ತೋಳು ಕೊಡವಿದರು, ಕೊನೆಗೆ ಮರ್ಯಾದೆ ಪಕ್ಕಕ್ಕಿಟ್ಟು ಕುಣಿದೇಬಿಟ್ಟರು. ಹುಮನಾಬಾದಿನ ಕೋರ್ಟಿನಲ್ಲಿ ಎದುರು ವಕೀಲರ ಬೆವರಿಳಿಸುವ ಮನುಷ್ಯ ಕಲ್ಯಾಣದ ಒಂದು ಮನೆಯ ಕೋಣೆಯಲ್ಲಿ ಇರುವೆಗೆ ಹೆದರಿ ಗೋಡೆಗೆ ಆತು ನಿಂತದ್ದನ್ನು ನೋಡಿ ಠಾಣೆಯ ಅಮೀನ್ ಅಜೀಮುದ್ದೀನ್ ಮೀಸೆಯೊಳಗೇ ನಕ್ಕರು. ಆದರೆ ವಕೀಲರು ಉರಿಯುವ ಬೆರಳನ್ನು ಬಾಯಿಗೆ ಒಯ್ದಾಗ ಆ ನಗೆ ನಿಂತುಹೋಯಿತು.

"ಕೈ ಬಾಯಾಗ ಇಡಬ್ಯಾಡ್ರಿ ವಕೀಲ್ ಸಾಬ್," ಎಂದು ಅವರ ಮುಂಗೈ ಗಟ್ಟಿಯಾಗಿ ಹಿಡಿದರು. "ಪೆಟ್ಟಿಗ್ಯಾಗಿನ ಆ ಬಿಳಿ ಪುಡಿ ಪಾಷಾಣ ಅದ."

ಮಚ್ಚೇಂದ್ರರು ಅಮೀನರ ಮುಖ ನೋಡಿದರು. ಬೆರಳು ನೋಡಿದರು. ಆಮೇಲೆ ರೇಡಿಯೋ ನೋಡಿದರು.

"ಪಾಷಾಣ ಇದ್ರ ಇವು ನನಗ ಹ್ಯಾಂಗ ಕಚ್ಚಿದ್ವು?"

ಅಮೀನರು ಹಿಡಿದ ಮುಂಗೈ ಬಿಟ್ಟರು.

ಹತ್ತಿ ವ್ಯಾಪಾರಿ ಶರಣಪ್ಪ ಸಾವಕಾರರು ಹೋದ ಸೋಮವಾರ ಸಂಜೆ ಇದೇ ರೇಡಿಯೋದ ಮುಂದಿಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡು, ಹೊಟ್ಟೆ ಹಿಡಿದು ಮಲಗಿದವರು ಮತ್ತೆ ಏಳಲಿಲ್ಲ. ಹಿಂದಿನ ದಿನ ಇರುವೆ ತೆಗೆಯಲು ಬಂದು ಪೆಟ್ಟಿಗೆಯೊಳಗೆ ಪುಡಿ ಉದುರಿಸಿ ಹೋದ ಹುಮನಾಬಾದಿನ ರೇಡಿಯೋ ಮೇಸ್ತ್ರಿ ಸಿರಾಜುದ್ದೀನ್ ಈಗ ಠಾಣೆಯ ಕೋಣೆಯಲ್ಲಿದ್ದ. ನಾಳೆ ಬೆಳಗಿನ ಮೋಟಾರಿಗೆ ಅವನನ್ನು ಬೇಡಿ ಹಾಕಿ ಬೀದರಿಗೆ ಒಯ್ಯುವುದಿತ್ತು. ಬೀದರಿನ ಅದಾಲತ್ತಿಗೆ ಹೋದಮೇಲೆ ಅವನ ಕೊರಳು ಉಳಿಸುವುದು ತಮ್ಮಿಂದಾಗದ ಮಾತು ಎಂದು ಮಚ್ಚೇಂದ್ರರಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಬುರ್ಖಾ ಹೊದ್ದು ಕೂತಿದ್ದ ಅವನ ಹೆಂಡತಿ ಕರೀಮಾಗೂ ಗೊತ್ತಿತ್ತು. ಬೆಳಗಿನಿಂದ ಅವಳು ಅಲ್ಲಿಂದ ಕದಲಿರಲಿಲ್ಲ.

ಮಚ್ಚೇಂದ್ರರು ಈ ಸಲ ಕೈಗೆ ರುಮಾಲು ಸುತ್ತಿಕೊಂಡು ಬಗ್ಗಿದರು.

ಪೆಟ್ಟಿಗೆಯ ತಳದಲ್ಲಿ ಬಿಳಿ ಪುಡಿಯ ಗೆರೆಯೊಂದಿತ್ತು. ಆ ಗೆರೆಯ ನಡುವೆಯೇ ಇರುವೆಗಳು ದಾರಿ ಮಾಡಿಕೊಂಡಿದ್ದವು. ಗಾಜಿನ ಬಲ್ಬುಗಳ ಸುತ್ತ, ತೆಳ್ಳನೆಯ ತಗಡುಗಳ ನಡುವೆ, ತಂತಿಗಳ ಮೇಲೆ ಓಡಾಡುತ್ತಿದ್ದವು. ಒಂದೆರಡು ಸಕ್ಕರೆಯ ಹರಳು ಹೊತ್ತಿದ್ದವು. ಒಂದಾದರೂ ಸತ್ತು ಬಿದ್ದಿರಲಿಲ್ಲ. ಬಿದ್ದಿದ್ದರೆ ಅಮೀನರಿಗೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಶರಣಪ್ಪನವರ ಮಗ ಗುಂಡಪ್ಪನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಅಪ್ಪನ ಕೊಂದವನ ಪರವಾಗಿ ಬಂದ ವಕೀಲನಿಗೆ ಮನೆಯ ಹೊಸ್ತಿಲು ದಾಟಿಸಿದ್ದೇ ಹೆಚ್ಚು ಎಂಬಂತಿತ್ತು ಅವನ ಮುಖ. ಆದರೂ ಕೇಳಿದ್ದಕ್ಕೆ ಉತ್ತರ ಕೊಟ್ಟ. ಯುದ್ಧದ ಸುದ್ದಿ ಕೇಳಲೆಂದು ಹೈದರಾಬಾದಿನಿಂದ ತರಿಸಿದ ರೇಡಿಯೋ ಅದು. ಒಂದು ಸಂಜೆ ಅದರೊಳಗಿಂದ ಭಜನೆ ಕೇಳಿಬಂತು. ದೇವರ ಹೆಸರು ಹೇಳುವ ಪೆಟ್ಟಿಗೆ ಉಪವಾಸ ಇರಬಾರದು ಎಂದು ಮುದುಕರು ಅಂದಿನಿಂದ ಅದಕ್ಕೆ ಊದುಬತ್ತಿ ಬೆಳಗಿ, ತಟ್ಟೆಯಲ್ಲಿ ಸಕ್ಕರೆ ಇಡತೊಡಗಿದರು. ಸಕ್ಕರೆ ಸಿಗುವುದೇ ಕಷ್ಟವಾಗಿದ್ದ ಕಾಲ. ಮನೆಮಂದಿ ಬೆಲ್ಲದ ಚಹಾ ಕುಡಿದು ರೇಡಿಯೋಕ್ಕೆ ಸಕ್ಕರೆ ಉಳಿಸಿದರು.

ಸಕ್ಕರೆಗೆ ಇರುವೆ ಬಂತು. ಬಂದದ್ದು ತಟ್ಟೆಯಲ್ಲಿ ನಿಲ್ಲದೆ, ಬೆಚ್ಚಗಿದೆಯೆಂದು ಒಳಗೆ ಹೊಕ್ಕಿತು. ಸ್ಟೇಶನ್ ಹಿಡಿಯುವ ತಗಡುಗಳ ನಡುವೆ ಸಿಕ್ಕು ಅರೆದುಹೋಯಿತು. ಭಜನೆ ಹೋಗಿ ಬರೀ ಗೊರಗೊರ ಸದ್ದು ಉಳಿಯಿತು.

ಇರುವೆ ಕೊಲ್ಲುವುದಾಗಿದ್ದರೆ ಅರ್ಧ ತಾಸಿನ ಕೆಲಸ. ಆದರೆ ತನ್ನ ಮನೆಯಲ್ಲಿ ಒಂದು ಇರುವೆಯೂ ಸಾಯಕೂಡದು ಎಂಬುದು ಶರಣಪ್ಪನವರ ವ್ರತ. ಹೀಗಾಗಿ ಸಿರಾಜುದ್ದೀನ್ ರೇಡಿಯೋವನ್ನು ಅಂಗಳದ ಬಿಸಿಲಿಗಿಟ್ಟು, ಮುದುಕರ ಕಣ್ಣೆದುರೇ ನವಿಲುಗರಿಯಿಂದ ಒಂದೊಂದನ್ನೇ ಹೊರಗೆ ಗುಡಿಸಿದ. ಮೊದಲು ಚೀಲದಿಂದ ಕೋಳಿಯ ಪುಕ್ಕ ತೆಗೆದಿದ್ದನಂತೆ. ಈ ಮನೆಯಲ್ಲಿ ಅದು ನಡೆಯುವುದಿಲ್ಲವೆಂದು ನವಿಲುಗರಿ ಕೊಟ್ಟರಂತೆ. ಮೇಜಿನ ಕಾಲಿಗೆ ನೀರಿನ ಬಟ್ಟಲು ಇಟ್ಟ. ಹೊರಗಿನಿಂದ ಬರುವ ತಂತಿಗೆ ಬೇವಿನೆಣ್ಣೆ ಸವರಿದ. ಒಳಗೆ ಪುಡಿಯ ಗೆರೆ ಎಳೆದ. ಅದು ಸೀಮೆಸುಣ್ಣದ ಪುಡಿ, ಇರುವೆ ಅದನ್ನು ದಾಟಲು ಹೇಸುತ್ತದೆ ಎಂದು ಹೇಳಿ ಹೋದ.

ಕೋಣೆಗೆ ಅಮೀನರ ಬೀಗ ಬಿದ್ದಮೇಲೆ ಬಟ್ಟಲುಗಳಿಗೆ ನೀರು ಹಾಕುವವರಿರಲಿಲ್ಲ. ಅವು ಒಣಗಿದವು, ಇರುವೆಗಳು ಮತ್ತೆ ಹತ್ತಿದವು. ಇಷ್ಟು ಸರಿ. ಪುಡಿ ಪಾಷಾಣವಲ್ಲ ಎಂಬುದೂ ಈಗ ಸರಿ.

ಅಜೀಮುದ್ದೀನ್ ಹಟವಾದಿಯಲ್ಲ. ಒಪ್ಪಿಕೊಂಡರು. ಆದರೆ ಅವರ ಪ್ರಶ್ನೆ ಬೇರೆ ಇತ್ತು. ಸಾವಕಾರರ ಹೊಟ್ಟೆಯಲ್ಲಿ ಇದ್ದದ್ದು ಪಾಷಾಣವೇ ಎಂದು ಡಾಕ್ಟರು ಹೇಳಿದ್ದಾರೆ. ಪೆಟ್ಟಿಗೆಯಲ್ಲಿ ಇಲ್ಲದ್ದು ಹೊಟ್ಟೆಗೆ ಎಲ್ಲಿಂದ ಬಂತು? ಅದನ್ನು ತೋರಿಸದೆ ಹೋದರೆ ತಮ್ಮ ಮೇಲಿನವರು ಇರುವೆಯ ಸಾಕ್ಷಿ ಕೇಳಿ ನಗುತ್ತಾರೆ, ಮೋಟಾರು ತಪ್ಪಿಸಲು ಬಿಡುವುದಿಲ್ಲ ಎಂದರು.

ಮಚ್ಚೇಂದ್ರರಿಗೆ ತಲೆ ಓಡದಾಯಿತು. ಓಡದಿದ್ದಾಗ ಅವರು ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು. ಈಗ ಅದನ್ನೂ ಮರೆತು, ಉರಿಯುವ ಕೈ ತೊಳೆಯಲು ಅಂಗಳಕ್ಕೆ ನಡೆದರು.

ನೀರು ತುಂಬಿಡುವ ಹೌದಿನ ಪಕ್ಕದ ಗೋಡೆಯ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಸುತ್ತ ಯಾರೋ ಕರಿ ಎಳ್ಳು ಚೆಲ್ಲಿದ್ದಾರೆ ಎಂದುಕೊಂಡರು. ಸೂತಕದ ಮನೆ, ಆ ಮೂಲೆ ಗುಡಿಸಿಲ್ಲ ಎಂದೂ ಅಂದುಕೊಂಡರು. ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಾಗ ಎಳ್ಳಿಗೆ ಕಾಲುಗಳಿದ್ದವು.

ಕರಿ ಇರುವೆ. ಎಲ್ಲ ಸತ್ತಿದ್ದವು. ಕಲ್ಲಿನ ಕೆಳಗಿನ ತೂತಿನ ತುಂಬ ಸತ್ತ ಇರುವೆ, ಬಾಯಲ್ಲಿ ಹಿಟ್ಟಿನ ಕಣ ಕಚ್ಚಿಕೊಂಡೇ ಸತ್ತ ಇರುವೆ.

ಮಚ್ಚೇಂದ್ರರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಸಾಯಬೇಕಾಗಿದ್ದ ಇರುವೆಗಳು ಒಳಗೆ ಬದುಕಿವೆ. ಬದುಕಬೇಕಾಗಿದ್ದವು ಇಲ್ಲಿ ಸತ್ತಿವೆ. ತಾವು ಹಿಡಿದ ಎಳೆ ಯಾವುದು, ಅದು ಯಾವ ಕಡೆ ಹೋಗುತ್ತಿದೆ ಎಂಬುದೇ ಅವರಿಗೆ ತಿಳಿಯದಾಯಿತು.

ಅಮೀನರನ್ನೂ ಗುಂಡಪ್ಪನನ್ನೂ ಕರೆದರು. ಗುಂಡಪ್ಪ ನೋಡಿ ಬಾಯಿ ತೆರೆದು ನಿಂತ. ಇವು ಅಪ್ಪನ ಇರುವೆಗಳು ಎಂದ. ದಿನಾ ಸಂಜೆ ಬೆಲ್ಲ ಬೆರೆಸಿದ ಜೋಳದ ಹಿಟ್ಟನ್ನು ಅಪ್ಪ ತನ್ನ ಕೈಯಿಂದಲೇ ಇಲ್ಲಿ ಹಾಕುತ್ತಿದ್ದ, ಅದಾದಮೇಲೆಯೇ ರೇಡಿಯೋದ ಪೂಜೆ. ಸೋಮವಾರವೂ ಹಾಕಿದ್ದ.

"ಹಿಟ್ಟು ಹಾಕಿದ ಮ್ಯಾಲ ಕೈ ತೊಳೀತಿದ್ರೇನು?" ಎಂದು ಮಚ್ಚೇಂದ್ರರು ಕೇಳಿದರು.

ಗುಂಡಪ್ಪ ಹಿಂದೆ ಮುಂದೆ ನೋಡಿದ. ಬೇರೆ ಯಾರಿಗೂ ಹೇಳದ ಮಾತು ಅದು ಎಂದು ಅವನ ದನಿಯಲ್ಲೇ ತಿಳಿಯುತ್ತಿತ್ತು.

"ತೊಳೀತಿದ್ದಿಲ್ರಿ. ಕಡೀ ಚಿಟಿಕಿ ತಾ ಬಾಯಾಗ ಹಾಕ್ಕೋತಿದ್ದ. ಅವುಗಳ ಪಂಕ್ತಿನಾಗ ಉಂಡಂಗ ಆಗ್ತದ ಅಂತಿದ್ದ. ಮನ್ಯಾಗ ಹೇಳಬ್ಯಾಡ, ನಗ್ತಾರ ಅಂದಿದ್ದ."

ಒಳಗಿನ ಬಾಗಿಲ ಹಿಂದೆ ಹಿತ್ತಾಳೆಯ ಕೊಡವೊಂದು ಬಿದ್ದು ಅಂಗಳದವರೆಗೆ ಉರುಳಿ ಬಂತು. ನೀರೆಲ್ಲ ಚೆಲ್ಲಿತು. ಕೊಡ ಎತ್ತಲು ಯಾರೂ ಬರಲಿಲ್ಲ.

ಮಚ್ಚೇಂದ್ರರು ಬಾಗಿಲವರೆಗೆ ಹೋಗಿ, ಪರದೆಯ ಈಚೆಗೆ ನಿಂತರು. ಆಚೆ ಗುಂಡಪ್ಪನ ಹೆಂಡತಿ ಯಶೋದಾಬಾಯಿ ನಿಂತಿದ್ದಳು. ಬೆಳಗಿನಿಂದ ವಕೀಲರು ಅವಳ ದನಿ ಕೇಳಿರಲಿಲ್ಲ. ಮಾವನಿಗೆ ಆ ಹಿಟ್ಟು ಕಲಸಿಕೊಡುತ್ತಿದ್ದವರು ಯಾರು ಎಂದು ಮೆತ್ತಗೆ ಕೇಳಿದರು. ತಾನೇ ಎಂದಳು. ಸೋಮವಾರ ಅದರಲ್ಲಿ ಏನು ಬೆರೆಸಿದೆ ತಾಯಿ ಎಂದು ಕೇಳಿದರು.

ಉತ್ತರ ಅಳುವಿನೊಳಗಿಂದ ಬಂತು.

"ನನ್ನ ಕೂಸಿನ ಕಿವ್ಯಾಗ ಇರುವಿ ಹೊಕ್ಕಿದ್ವುರಿ. ತೊಟ್ಟಿಲ ತುಂಬ ಇರುವಿ. ಮುಖ ಬಾತು ಕಣ್ಣು ಮುಚ್ಚಿತ್ತು ಕೂಸಿಗೆ. ಒಂದು ಇರುವಿ ಹೊಡದ್ರ ಮಾವ ಉಪಾಸ ಕೂಡ್ತಿದ್ರು. ಇರುವಿ ಸಾಯ್ಲಿ ಅಂತ ಬೆರಿಸಿದೆ. ಮಾವಾರು ಅದನ್ನ ತಿಂತಾರಂತ ನನಗ ಯಾರು ಹೇಳಿದ್ರು?"

ಗುಂಡಪ್ಪ ಹೌದಿನ ಕಟ್ಟೆಯ ಮೇಲೆ ಕುಸಿದು ಕೂತ. ಮನೆಯಲ್ಲಿ ಹೇಳಬೇಡವೆಂದು ಅಪ್ಪ ಅಂದಿದ್ದನ್ನು ಅವನು ಅಕ್ಷರಕ್ಕೆ ಅಕ್ಷರ ಪಾಲಿಸಿ, ಹೆಂಡತಿಗೂ ಹೇಳಿರಲಿಲ್ಲ. ಇಂಥ ಒಳ್ಳೆಯತನ ಮನೆಗಳನ್ನು ಹಾಳುಮಾಡಿದಷ್ಟು ಜಗಳವೂ ಮಾಡಿಲ್ಲ. ಕೂಸಿಗೆ ಕಚ್ಚಿದ್ದು ಕೆಂಪಿರುವೆ, ಸತ್ತದ್ದು ಯಾರಿಗೂ ಕಚ್ಚದ ಕರಿ ಇರುವೆ ಎಂಬುದನ್ನು ಆ ಹೊತ್ತಿಗೆ ಯಾರೂ ಅವಳಿಗೆ ಹೇಳಲಿಲ್ಲ. ಮಚ್ಚೇಂದ್ರರಿಗೆ ಹೇಳುವ ಮನಸ್ಸಾಗಲಿಲ್ಲ.

ಅವರ ಎದೆ ಒಂದು ಕಡೆ ಹಗುರಾಗಿತ್ತು. ಸಿರಾಜುದ್ದೀನ್ ನಿರಪರಾಧಿ. ಇದು ಕೊಲೆಯೂ ಅಲ್ಲ. ಇನ್ನೊಂದೇ ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಇದ್ದಿದ್ದರೆ ಆ ದಿನ ಎಷ್ಟು ಚೆನ್ನಾಗಿ ಮುಗಿಯುತ್ತಿತ್ತೋ. ಆದರೆ ವಕೀಲರ ನಾಲಿಗೆ ಸುಮ್ಮನಿರುವುದಿಲ್ಲ. ಹೊಸ್ತಿಲು ದಾಟದ ಸೊಸೆಗೆ ಪಾಷಾಣ ಎಲ್ಲಿಂದ ಸಿಕ್ಕಿತು ಎಂದು ಕೇಳಿಯೇಬಿಟ್ಟರು.

"ರೇಡಿಯೋ ಮೇಸ್ತ್ರಿ ಹೆಂಡ್ತಿ ಕೊಟ್ಳುರಿ," ಎಂದಳು ಯಶೋದಾಬಾಯಿ.

ಅಮೀನರು ತಟ್ಟನೆ ಮುಂದೆ ಬಂದರು.

ಅವಳು ಹೇಳಿದ್ದು ಇಷ್ಟು. ಆ ಭಾನುವಾರ ಮೇಸ್ತ್ರಿಯ ಜೊತೆ ಬುರ್ಖಾದ ಹೆಂಗಸೊಬ್ಬಳು ಬಂದಿದ್ದಳು. ಗಂಡಸರು ಅಂಗಳದಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಾಗ ಅವಳನ್ನು ಹಿತ್ತಲಿಗೆ ಕರೆದು ಕೂರಿಸಿದರು. ಅಲ್ಲಿ ಹೆಂಗಸರಷ್ಟೇ ಇದ್ದುದರಿಂದ ಮುಸುಕು ತೆಗೆದಳು. ಕೂಸು ಅಳುತ್ತಿತ್ತು. ತಾನೇ ಎತ್ತಿಕೊಂಡು ಕಿವಿಯಿಂದ ಇರುವೆ ಆರಿಸಿದಳು, ಎದೆಗೊತ್ತಿಕೊಂಡು ಸಮಾಧಾನ ಮಾಡಿದಳು. ಹೋಗುವಾಗ ಕಾಗದದ ಪೊಟ್ಟಣ ಕೈಗಿಟ್ಟು, ಇರುವೆಗೆ ಹಾಕುವ ಹಿಟ್ಟಿನಲ್ಲಿ ಬೆರೆಸು, ಬೇರುಸಹಿತ ಹೋಗುತ್ತವೆ, ಗಂಡಸರಿಗೆ ಹೇಳಬೇಡ ಎಂದಳು. ಹೆಸರು ಕೇಳಿದ್ದಕ್ಕೆ ಕರೀಮಾ ಎಂದಳು.

ಬುರ್ಖಾದ ಹೆಂಗಸು ಬಂದದ್ದು ಅಮೀನರ ಸಿಪಾಯಿಗಳಿಗೂ ಗೊತ್ತಿತ್ತು. ಮೇಸ್ತ್ರಿಯ ಹೆಂಡತಿ ಎಂದು ಎಲ್ಲರೂ ಅಂದುಕೊಂಡಿದ್ದರು. ಜೊತೆಗೆ ಯಾರು ಬಂದಿದ್ದರು ಎಂದು ಸಿರಾಜುದ್ದೀನನನ್ನು ಎಷ್ಟು ಕೇಳಿದರೂ ಅವನು ಬಾಯಿ ಬಿಟ್ಟಿರಲಿಲ್ಲ.

"ಈಗ ತಿಳೀತು ನೋಡ್ರಿ, ಆತ ಯಾಕ ಸುಮ್ಮ ಕುಂತಾನಂತ," ಎಂದರು ಅಜೀಮುದ್ದೀನ್. ಅವರ ದನಿಯಲ್ಲಿ ಗೆದ್ದ ಉತ್ಸಾಹವೇನೂ ಇರಲಿಲ್ಲ. ಕಟ್ಟೆಯ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಸಿರಾಜುದ್ದೀನನನ್ನು ಬಿಡುತ್ತೇನೆ, ಅವನ ಹೆಂಡತಿಯನ್ನು ಹಿಡಿಯಬೇಕಾಗುತ್ತದೆ ಎಂದರು.

ಮಚ್ಚೇಂದ್ರರೂ ಕಟ್ಟೆಯ ಕಡೆ ನೋಡಿದರು. ಗಂಡನನ್ನು ಬಿಡಿಸಿಕೊಡಿ ಎಂದು ಹುಮನಾಬಾದಿನಲ್ಲಿ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಬೇಡಿದವಳು ಅವಳು. ಅವಳ ಕೆಲಸ ಮಾಡಲು ಬಂದು ಅವಳನ್ನೇ ಹಿಡಿದುಕೊಟ್ಟಂತಾಯಿತೇ? ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಆದರೆ ಅಸಹ್ಯದ ನಡುವೆಯೇ ಒಂದು ಸಂಗತಿ ಕುಟುಕಿತು. ಬೆಳಿಗ್ಗೆ ಮೋಟಾರು ಕಲ್ಯಾಣದ ಕೋಟೆಯ ಹತ್ತಿರ ನಿಂತಾಗ ಕರೀಮಾ ಕೇಳಿದ್ದಳು, ಇದು ಯಾವ ಊರ ಕೋಟೆ ಎಂದು. ಈ ಮನೆಗೆ ಬರುವಾಗಲೂ ಪ್ರತಿ ತಿರುವಿನಲ್ಲಿ ನಿಂತು ಅವರು ಯಾವ ಕಡೆ ಹೋಗುತ್ತಾರೋ ನೋಡಿಕೊಂಡು ಹೆಜ್ಜೆ ಇಟ್ಟಿದ್ದಳು. ಹಿಂದಿನ ವಾರವಷ್ಟೇ ಬಂದು ಹೋದವಳು ಹಾಗೇಕೆ ಮಾಡುತ್ತಾಳೆ?

ನಟಿಸಿರಬಹುದು. ಆದರೆ ಬೆಳಿಗ್ಗೆ ಬುರ್ಖಾದ ಹೆಂಗಸಿನ ಮಾತನ್ನೇ ಯಾರೂ ಎತ್ತಿರಲಿಲ್ಲ, ನಟಿಸುವ ಅಗತ್ಯ ಏನಿತ್ತು? ವಕೀಲರು ಟೋಪಿ ತೆಗೆದರು, ಹಾಕಿಕೊಂಡರು.

ಬುರ್ಖಾ ನೋಡಿ ಯಾರನ್ನೂ ಹಿಡಿಯಲಾಗದು, ಮುಖ ನೋಡಿದವರು ಈ ಮನೆಯ ಹೆಂಗಸು ಮಾತ್ರ, ಅವಳೇ ಗುರುತಿಸಲಿ ಎಂದು ಅಮೀನರಿಗೆ ಹೇಳಿದರು. ಅಮೀನರು ಅದಕ್ಕೆ ಒಪ್ಪಿದರು, ಆದರೆ ಪುಡಿ ಕೊಟ್ಟವಳು ಸಿಗುವ ತನಕ ಅವಳನ್ನು ಕರೆತಂದ ಸಿರಾಜುದ್ದೀನನನ್ನು ಬಿಡಲಾಗದು ಎಂದರು. ಹೆಂಗಸರ ಕೋಣೆಯ ಬಳಿ ತಾವು ನಿಲ್ಲುವುದು ಸರಿಯಲ್ಲ ಎಂದು, ಗಾಳಿಗೆ ಹಾರುವ ಮುಂಚೆ ಸತ್ತ ಇರುವೆಗಳನ್ನು ಕಾಗದಕ್ಕೆ ಬಳಿದುಕೊಳ್ಳಲು ಅಂಗಳದ ಮೂಲೆಗೆ ಹೋದರು.

ಮಚ್ಚೇಂದ್ರರು ಕಟ್ಟೆಗೆ ಹೋಗಿ ಕರೀಮಾಳನ್ನು ಕರೆದರು. ಆಗಿದ್ದನ್ನೆಲ್ಲ ಹೇಳಿದರು. ಬುರ್ಖಾದೊಳಗಿನ ಮುಖ ಕಾಣುತ್ತಿರಲಿಲ್ಲ. ತಾನು ಈ ಊರಿಗೆ ಕಾಲಿಟ್ಟದ್ದು ಇವತ್ತೇ ಮೊದಲು ಎಂದು ಅವಳು ತಣ್ಣಗೆ ಹೇಳಿದಳು. ಭಾನುವಾರ ಗಂಡ ಒಬ್ಬನೇ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದನಂತೆ. ಇವಳು ರೊಟ್ಟಿ ಕಟ್ಟಿಕೊಟ್ಟಿದ್ದಳಂತೆ. ಹಾಗಾದರೆ ಬಂದವಳು ಯಾರು ಎಂದು ವಕೀಲರು ಕೇಳಲಿಲ್ಲ. ಅವಳೂ ಆ ಮಾತೆತ್ತಲಿಲ್ಲ. ಎದ್ದು, ಪರದೆ ಸರಿಸಿ ಒಳಗೆ ಹೋದಳು.

ಮಚ್ಚೇಂದ್ರರು ಪರದೆಯ ಈಚೆಗೆ ನಿಂತರು.

ಮುಸುಕು ತೆಗೆದ ಸದ್ದು. ತೊಟ್ಟಿಲಲ್ಲಿ ಕೂಸು ಸಣ್ಣಗೆ ಮುಲುಗಿತು. ಆಮೇಲೆ ಯಶೋದಾಬಾಯಿಯ ದನಿ, ಸ್ಪಷ್ಟವಾಗಿ:

"ಇವರಲ್ರಿ. ಈ ಅಕ್ಕನ್ನ ನಾ ಎಂದೂ ನೋಡಿಲ್ಲ."

ವಕೀಲರಿಗೆ ಅಲ್ಲೇ ಕುಣಿಯಬೇಕೆನಿಸಿತು, ಈ ಸಲ ಇರುವೆ ಇಲ್ಲದೆ. ಗಂಡನ ಕೊರಳು ಉಳಿದಿತ್ತು, ಈಗ ಹೆಂಡತಿಯೂ ಉಳಿದಳು. ಅಮೀನರನ್ನು ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಕರೀಮಾ ಕೇಳಿದ್ದು ಕಿವಿಗೆ ಬಿತ್ತು.

"ತಂಗೀ, ಆಕಿ ನೋಡಾಕ ಹ್ಯಾಂಗಿದ್ಳು?"

ಯಶೋದಾಬಾಯಿ ದನಿ ತಗ್ಗಿಸಿದಳು. ಪಿಸುಮಾತು. ಮಚ್ಚೇಂದ್ರರು ಪರದೆಗೆ ಕಿವಿ ಹಚ್ಚಿದರೂ ಒಂದು ಶಬ್ದವೂ ಸಿಗಲಿಲ್ಲ. ಪಿಸುಮಾತು ನಿಂತಿತು. ಕರೀಮಾ ಏನೋ ಕೇಳಿದಳು, ಯಶೋದಾಬಾಯಿ ಹೂಂ ಎಂದಳು. ಮತ್ತೇನೋ ಬೇಡಿಕೊಳ್ಳುವ ದನಿಯಲ್ಲಿ ಕೇಳಿದಳು. ಮತ್ತೆ ಹೂಂ. ಆಮೇಲೆ ಇಬ್ಬರಲ್ಲಿ ಒಬ್ಬರು ಅತ್ತರು. ಯಾರೆಂದು ಅವರಿಗೆ ತಿಳಿಯಲಿಲ್ಲ.

ಪರದೆ ಸರಿಯಿತು. ಕರೀಮಾ ಮುಸುಕು ಇಳಿಬಿಟ್ಟುಕೊಂಡು ಹೊರಬಂದಳು. ವಕೀಲರ ಕಡೆ ತಿರುಗಿಯೂ ನೋಡದೆ ಅಂಗಳ ದಾಟಿ, ಕಾಗದದ ಪೊಟ್ಟಣ ಕಟ್ಟುತ್ತಿದ್ದ ಅಮೀನರ ಮುಂದೆ ನಿಂತಳು.

"ಪುಡಿ ಕೊಟ್ಟಾಕಿ ನಾನೇ ರೀ ಸಾಹೇಬ. ಬರಕೊಳ್ರಿ. ನನ್ನ ಗಂಡನ್ನ ಬಿಡ್ರಿ."

ಮಚ್ಚೇಂದ್ರರು ಓಡಿ ಬಂದರು. ಇವಳು ಸುಳ್ಳು ಹೇಳುತ್ತಿದ್ದಾಳೆ, ಒಳಗೆ ಆಡಿದ ಮಾತು ತಾವೇ ಕಿವಿಯಾರೆ ಕೇಳಿದ್ದೇವೆ, ಇವಳನ್ನು ಅವರು ಹಿಂದೆಂದೂ ನೋಡಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. ಅಜೀಮುದ್ದೀನ್ ಒಮ್ಮೆ ಅವರನ್ನೂ ಒಮ್ಮೆ ಬುರ್ಖಾವನ್ನೂ ನೋಡಿ, ಕೊನೆಗೆ ಪರದೆಯ ಕಡೆ ತಿರುಗಿ ದನಿ ಎತ್ತಿದರು.

"ಬಾಯೋರೇ, ನೀವು ಹೇಳ್ರಿ. ಆ ದಿನ ಬಂದಾಕಿ ಇವರೇ ಏನು?"

ಪರದೆ ಅಲುಗಲಿಲ್ಲ. ಅದರ ಹಿಂದಿನಿಂದ ಯಶೋದಾಬಾಯಿಯ ದನಿ ಬಂತು, ಆಗಿನಷ್ಟೇ ಸ್ಪಷ್ಟವಾಗಿ.

"ಹೌದ್ರಿ. ಇವರೇ."